ಇಗುನ್ ಕೇರಿಯ ಎರಕದವರು

(ಕರಕುಶಲ ಪರಂಪರೆಗಳನ್ನು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಆಫ್ರಿಕದ ಸಾಂಪ್ರದಾಯಿಕ ಕರಕುಶಲ ಕಲೆಗಳು’ ಎಂದು ಅಚ್ಚಾಗಿದೆ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡವನ್ನು ಒಂದು ಗಂಟೆಯಲ್ಲಿ ಸುತ್ತಿಸುವ ಧೈರ್ಯ ನನಗಿಲ್ಲ. ಘಾನಾದ ಬೊನ್ವಿರೆಯಲ್ಲಿ ಕೆಂಟೆ ನೇಯುವವರು ಅಂಗೈಯಗಲದ ಪಟ್ಟಿಗಳನ್ನು ನೇಯ್ದು, ಅವುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು, ಮೈತುಂಬ ಹೊದೆಯುವ ಬಟ್ಟೆ ಮಾಡುತ್ತಾರೆ. ಅದೇ ದೇಶದ ಬಡಗಣ ಊರಾದ ಬೊಲ್ಗಟಂಗದಲ್ಲಿ ಹುಲ್ಲಿನ ಬುಟ್ಟಿ ಹೆಣೆಯುತ್ತಾರೆ. ಕೀನ್ಯಾದ ತಬಾಕದಲ್ಲಿ ಬಳಪದ ಕಲ್ಲನ್ನು ಕೆತ್ತುತ್ತಾರೆ, ಮಾಲಿಯಲ್ಲಿ ಹುಳಿ ಬರಿಸಿದ ಕೆಸರಿನಿಂದ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಾರೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ದತ್ತಿ ಬೇಕು. ‘ಆಫ್ರಿಕದ ಮುಖವಾಡ’ ಎಂಬ ಚೀಟಿ ಅಂಟಿಸಿ ಎಲ್ಲವನ್ನೂ ಒಂದೇ ಕಪಾಟಿಗೆ ತುಂಬುವ ಕೆಲಸವನ್ನು ಪ್ರವಾಸಿ ಅಂಗಡಿಗಳು ಹೇಗೂ ಮಾಡುತ್ತಿವೆ. ನಾವು ಇವತ್ತು ಒಂದೇ ಒಂದು ಬೀದಿಗೆ ಹೋಗೋಣ.

ಆ ಬೀದಿಯ ಹೆಸರು ಇಗುನ್. ಅದು ಇರುವುದು ನೈಜೀರಿಯಾದ ದಕ್ಷಿಣಕ್ಕೆ, ಎಡೊ ರಾಜ್ಯದ ರಾಜಧಾನಿಯಾದ ಬೆನಿನ್ ಸಿಟಿಯಲ್ಲಿ. ಪಕ್ಕದಲ್ಲೇ ಬೆನಿನ್ ಎಂಬ ಹೆಸರಿನ ಒಂದು ದೇಶವೂ ಇದೆ, ಅದು ಬೇರೆ. 1975ರವರೆಗೆ ಅದಕ್ಕೆ ದಹೋಮಿ ಎಂದು ಹೆಸರಿತ್ತು. ನಮ್ಮ ಬೆನಿನ್ ಎಡೊ ಜನರ ಹಳೆಯ ರಾಜಧಾನಿ. ಅವರ ಅರಸನನ್ನು ಒಬಾ ಎನ್ನುತ್ತಾರೆ. ಒಬಾನ ಅರಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಇಗುನ್ ಬೀದಿ. ಎರಡೂ ಬದಿಯಲ್ಲಿ ಮನೆಗಳು. ಮನೆಯ ಮುಂಭಾಗ ಅಂಗಡಿ, ಹಿಂಭಾಗ ಕುಲುಮೆ. ಇಲ್ಲಿ ವಾಸಿಸುವವರು ಹಿತ್ತಾಳೆ ಎರಕ ಹೊಯ್ಯುವ ಮನೆತನಗಳವರು. ಅವರ ಶ್ರೇಣಿಗೆ ಇಗುನ್ ಎರೊನ್ಮ್ವೊನ್ ಎಂದೂ ಅದರ ಯಜಮಾನನಿಗೆ ಇನೆ ಎಂದೂ ಹೆಸರು. ಯುನೆಸ್ಕೊ ಈ ಬೀದಿಯನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದೆ ಎಂಬ ಮಾತು ಅನೇಕ ಪ್ರವಾಸಿ ಬರಹಗಳಲ್ಲಿ ಸಿಗುತ್ತದೆ. ಆ ಪಟ್ಟಿಯಲ್ಲಿ ನೈಜೀರಿಯಾದ ಸುಕುರ್ ಇದೆ, ಒಸುನ್ ಒಸೊಗ್ಬೊ ದೇವರಕಾಡು ಇದೆ, ಇಗುನ್ ಇಲ್ಲ. ಆ ಹಣೆಪಟ್ಟಿ ಇಲ್ಲದೆಯೂ ಬೀದಿ ಕೆಲವು ಶತಮಾನ ಬಾಳಿದೆ.

‘ಬೆನಿನ್ ಕಂಚುಗಳು’ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಬಹುಪಾಲು ಹಿತ್ತಾಳೆಯವಾದರೂ ಕಂಚು ಎಂಬ ಹೆಸರೇ ಅವಕ್ಕೆ ನಿಂತುಬಿಟ್ಟಿದೆ. ಬ್ರಿಟಿಷರು 1897ರಲ್ಲಿ ಅವನ್ನು ದೋಚಿದರು, ಈಗ ಮ್ಯೂಸಿಯಮ್ಮುಗಳು ಒಂದೊಂದಾಗಿ ಹಿಂದಿರುಗಿಸುತ್ತಿವೆ ಎಂಬುದು ಪತ್ರಿಕೆಗಳಲ್ಲಿ ಬಂದಿದೆ. ಆ ವರದಿಗಳಲ್ಲಿ ಮಂತ್ರಿಗಳು, ನಿರ್ದೇಶಕರು, ವಕೀಲರು ಮಾತಾಡುತ್ತಾರೆ. ಎರಕದವನು ಬರುವುದು ಪಕ್ಕದ ಬಣ್ಣದ ಫೋಟೊದಲ್ಲಿ, ಬರಿಮೈಯಲ್ಲಿ, ಬೆಂಕಿಯ ಮುಂದೆ. ಅಡಿಬರಹದಲ್ಲಿ ಅವನು ‘ಪ್ರತಿಕೃತಿ ತಯಾರಕ’ ಆಗಿರುತ್ತಾನೆ. ಮುತ್ತಜ್ಜ ಮಾಡಿದ್ದು ಅಸಲು, ಮರಿಮಗ ಅದೇ ಮಣ್ಣು, ಅದೇ ಮೇಣ, ಅದೇ ಬೆಂಕಿಯಲ್ಲಿ ಮಾಡಿದ್ದು ನಕಲು. ಈ ವಿಂಗಡಣೆಯನ್ನು ಮಾಡಿದವರು ಯಾರು, ಅದರಿಂದ ಕಸುಬಿಗೆ ಏನಾಯಿತು ಎಂದು ಕೇಳುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಕೇರಿಯ ಹುಟ್ಟು. ಎಡೊ ಜನರ ಚರಿತ್ರೆಯನ್ನು ಬರವಣಿಗೆಗೆ ಇಳಿಸಿದ ಜೇಕಬ್ ಎಘರೆವ್ಬಾ 1930ರ ದಶಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಐತಿಹ್ಯವಿದೆ. ಒಗುವೊಲಾ ಎಂಬ ಒಬಾ, 13ನೇ ಶತಮಾನದ ಕೊನೆಯ ಹೊತ್ತಿಗೆ, ಇಫೆ ಎಂಬ ಊರಿನ ಅರಸನಿಗೆ ಹೇಳಿಕಳಿಸಿ ಒಬ್ಬ ಎರಕದವನನ್ನು ಕರೆಸಿಕೊಂಡ. ಬಂದವನು ಇಗುವೆಘಾ. ಇಗುನ್ ಕೇರಿಯವರು ಇಂದಿಗೂ ಅವನನ್ನು ಮೂಲಪುರುಷನೆಂದು ಪೂಜಿಸುತ್ತಾರೆ. ಈ ಕಥೆಯನ್ನು ಎಷ್ಟು ನಂಬಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಸುಬಿನ ಮನೆತನಗಳು ತಮ್ಮ ಮೂಲವನ್ನು ಯಾವುದಾದರೂ ದೊಡ್ಡ ಊರಿಗೆ ಕಟ್ಟಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಒಂದು ಮಾತು ಮಾತ್ರ ಖಚಿತ. ಆ ಪ್ರದೇಶದಲ್ಲಿ ಎರಕದ ವಿದ್ಯೆ ಯುರೋಪಿನ ಹಡಗು ಬರುವುದಕ್ಕೆ ಬಹಳ ಮೊದಲೇ ಇತ್ತು. ಬೆನಿನ್ನಿನ ಪೂರ್ವಕ್ಕೆ ಇಗ್ಬೊ ಉಕ್ವು ಎಂಬ ಊರಿದೆ. ಅಲ್ಲಿ ಒಬ್ಬಾತ ಮನೆಯಂಗಳದಲ್ಲಿ ನೀರಿನ ತೊಟ್ಟಿಗೆ ಗುಂಡಿ ತೋಡುವಾಗ ಕಂಚಿನ ಸಾಮಾನು ಸಿಕ್ಕಿತು. 1959ರಿಂದ ಥರ್ಸ್ಟನ್ ಶಾ ಅಲ್ಲಿ ಉತ್ಖನನ ನಡೆಸಿದರು. ಸಿಕ್ಕಿದ ವಸ್ತುಗಳ ಕಾಲ 9–10ನೇ ಶತಮಾನದ ಸುಮಾರು. ಶಂಖದ ಮೈಯನ್ನೂ ಹಗ್ಗದ ಹೆಣಿಗೆಯನ್ನೂ ಲೋಹದಲ್ಲಿ ತೆಗೆದ ಆ ಕುಸುರಿಗೆ ಹೊರಗಿನ ಗುರು ಯಾರೂ ಇದ್ದಂತಿಲ್ಲ.

ಬೆನಿನ್ನಿನ ಅರಮನೆಗೆ ಎರಕದವರದ್ದೊಂದೇ ಶ್ರೇಣಿಯಲ್ಲ. ದಂತ ಮತ್ತು ಮರ ಕೆತ್ತುವವರದು ಇಗ್ಬೆಸನ್ಮ್ವನ್, ಕಬ್ಬಿಣದವರದು ಇನ್ನೊಂದು, ನೇಕಾರರದು ಮತ್ತೊಂದು. ಪ್ರತಿಯೊಂದಕ್ಕೂ ತನ್ನ ಕೇರಿ, ತನ್ನ ಯಜಮಾನ, ಅರಮನೆಯ ಹಬ್ಬದಲ್ಲಿ ತನ್ನ ಸ್ಥಾನ. ಹಿತ್ತಾಳೆ ಒಬಾನ ಲೋಹ. ಅವನ ಅಪ್ಪಣೆಯಿಲ್ಲದೆ ಬೇರೆಯವರಿಗೆ ಎರಕ ಹೊಯ್ದುಕೊಡುವಂತಿರಲಿಲ್ಲ. ಇದು ಬಿಗಿಯಾದ ಕಟ್ಟುಪಾಡು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಇದರಿಂದ ಒಂದು ವಿಚಿತ್ರ ಫಲ ಒದಗಿತು. ಕೊಳ್ಳುವವನು ಒಬ್ಬನೇ, ಅವನಿಗೋ ಕೆಲಸದ ಒಳ್ಳೆಯದು ಕೆಟ್ಟದ್ದು ಗೊತ್ತು. ಅರೆಬರೆ ಕೆಲಸ ಅವನ ಮುಂದೆ ನಡೆಯುವುದಿಲ್ಲ.

ಈಗ ಕೆಲಸವನ್ನು ನೋಡೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎರಕದ ಕಷ್ಟ ಗೊತ್ತಾಗದೆ ಉಳಿದ ವಾದವೆಲ್ಲ ಗಾಳಿಯಲ್ಲಿ ತೇಲುತ್ತದೆ.

ಅರಸನೊಬ್ಬನ ತಲೆಯ ಶಿಲ್ಪ ಬೇಕು ಎನ್ನಿ. ಮೊದಲು ಮಣ್ಣಿನಲ್ಲಿ ತಲೆಯ ಗಾತ್ರಕ್ಕಿಂತ ತುಸು ಚಿಕ್ಕದಾದ ತಿರುಳನ್ನು ಮಾಡಿ ಒಣಗಿಸುತ್ತಾರೆ. ಅದರ ಮೇಲೆ ಜೇನುಮೇಣದ ಹಾಳೆ ಹೊದಿಸುತ್ತಾರೆ. ಕಣ್ಣು, ಮೂಗು, ತುಟಿ, ಕೊರಳ ಸುತ್ತ ಹವಳದ ಸರಗಳ ಸಾಲು, ಕಿರೀಟದ ಹೆಣಿಗೆ, ಎಲ್ಲವನ್ನೂ ಮೇಣದಲ್ಲೇ ತಿದ್ದಬೇಕು. ಹವಳದ ಸರಕ್ಕೆ ಮೇಣವನ್ನು ಎಳೆಯಂತೆ ಹೊಸೆದು ತುಂಡು ತುಂಡಾಗಿ ಕೂರಿಸುತ್ತಾರೆ. ಮೇಣದ ದಪ್ಪ ಎಷ್ಟೋ ನಾಳೆ ಲೋಹದ ದಪ್ಪ ಅಷ್ಟೇ. ಬೆನಿನ್ನಿನ ಅತ್ಯಂತ ಹಳೆಯವು ಎನ್ನಲಾಗುವ ತಲೆಗಳಲ್ಲಿ ಈ ದಪ್ಪ ಕೆಲವೇ ಮಿಲಿಮೀಟರ್. ಅಷ್ಟು ತೆಳುವಾದ ಸಂದಿಯಲ್ಲಿ ಕರಗಿದ ಹಿತ್ತಾಳೆ ಎಲ್ಲೂ ನಿಲ್ಲದೆ ತಲೆಯ ಸುತ್ತ ಹರಿಯಬೇಕು.

ಮೇಣದ ಮೇಲೆ ಜರಡಿ ಹಿಡಿದ ನುಣ್ಣನೆ ಮಣ್ಣಿನ ತೆಳುಲೇಪ. ಕಣ್ರೆಪ್ಪೆಯ ಗೆರೆಯೂ ಈ ಮೊದಲ ಲೇಪಕ್ಕೆ ಇಳಿಯಬೇಕು, ಒಂದು ಗಾಳಿಗುಳ್ಳೆ ಉಳಿದರೂ ಅದು ಲೋಹದಲ್ಲಿ ಗುಳ್ಳೆಯಾಗಿಯೇ ಮೂಡುತ್ತದೆ. ಆರಿದ ಮೇಲೆ ಇನ್ನೊಂದು ಲೇಪ, ಆಮೇಲೆ ಒರಟು ಮಣ್ಣಿನ ದಪ್ಪ ಹೊದಿಕೆ. ದೊಡ್ಡ ಅಚ್ಚಾದರೆ ಸುತ್ತ ಕಬ್ಬಿಣದ ತಂತಿ ಬಿಗಿಯುತ್ತಾರೆ. ಮೇಣ ಕರಗಿ ಹೋದಾಗ ಒಳಗಿನ ತಿರುಳು ಜಾರಿ ಹೊರಗಿನ ಅಚ್ಚಿಗೆ ತಗುಲದಂತೆ ಮೊಳೆಗಳಿಂದ ಎರಡನ್ನೂ ಹಿಡಿದಿಡುತ್ತಾರೆ. ಲೋಹ ಒಳಗೆ ಹೋಗಲು, ಗಾಳಿ ಹೊರಗೆ ಬರಲು ದಾರಿಗಳಿರಬೇಕು. ಈ ಅಚ್ಚನ್ನು ಬೆಂಕಿಯಲ್ಲಿ ಸುಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಮೇಣ ಕರಗಿ ಹರಿದುಹೋಗುತ್ತದೆ. ಇನ್ನೊಂದು ಕುಲುಮೆಯಲ್ಲಿ ಮೂಸೆಯೊಳಗೆ ಹಿತ್ತಾಳೆ ಕುದಿಯುತ್ತಿರುತ್ತದೆ. ಮೊದಲು ಚರ್ಮದ ತಿದಿ ಇತ್ತು, ಈಗ ಕರೆಂಟಿನ ಬ್ಲೋವರ್. ಹಿತ್ತಾಳೆ ಹೆಚ್ಚು ಕಾದರೆ ಅದರೊಳಗಿನ ಸತು ಬಿಳಿ ಹೊಗೆಯಾಗಿ ಮೇಲೇಳುತ್ತದೆ, ಆ ಹೊಗೆ ಎದೆಗೆ ಒಳ್ಳೆಯದಲ್ಲ. ಬಿಸಿ ಆರುವ ಮೊದಲೇ ಅಚ್ಚನ್ನು ಬಾಯಿ ಮೇಲಾಗಿ ನೆಲದಲ್ಲಿ ಹೂತು, ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯುತ್ತಾರೆ. ನಡುವೆ ಕೈ ತಡೆದರೆ ಕೆಲಸ ಕೆಟ್ಟಂತೆ.

ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಒಡೆದ ಅಚ್ಚು ಮತ್ತೆ ಬಾರದು. ಇನ್ನೊಂದು ತಲೆ ಬೇಕೆಂದರೆ ಮತ್ತೆ ಮಣ್ಣು, ಮತ್ತೆ ಮೇಣ, ಮತ್ತೆ ಅಷ್ಟೂ ಹವಳ. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇಗುನ್ ಕೇರಿಯಿಂದ ಹೊರಬಂದ ಪ್ರತಿಯೊಂದು ವಸ್ತುವೂ ತನ್ನದೇ ಮೇಣದಿಂದ, ತನ್ನದೇ ಅಚ್ಚಿನಿಂದ ಹುಟ್ಟಿದ ಒಂಟಿ ವಸ್ತು.

ಈ ವಿಧಾನ ನಮಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಧೂಚ್ಛಿಷ್ಟದ, ಎಂದರೆ ಜೇನುಮೇಣದ, ಎರಕದ ವಿವರಣೆಯಿದೆ. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿದ ಮಣ್ಣು ಕಲಸಬೇಕು. ಮೊದಲ ಲೇಪ ತೆಳ್ಳಗಿರಬೇಕು, ನೆರಳಿನಲ್ಲಿ ಒಣಗಬೇಕು. ಲೋಹ ಹೊಯ್ಯುವ ನಾಳ ಉಮ್ಮತ್ತಿ ಹೂವಿನಂತಿರಬೇಕು. ಎಲ್ಲಕ್ಕಿಂತ ಚೆಂದವಾದದ್ದು ತೂಕದ ಲೆಕ್ಕ. ಮೇಣವನ್ನು ಮೊದಲೇ ತೂಗಿಟ್ಟುಕೊಂಡರೆ ಬೆಳ್ಳಿ ಅದರ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು ಬೇಕಾಗುತ್ತದೆ ಎಂದು ಆ ಗ್ರಂಥ ಹೇಳುತ್ತದೆ. ಕಲ್ಯಾಣದಲ್ಲಿ ಅರಸ ಇದನ್ನು ಸಂಸ್ಕೃತದಲ್ಲಿ ಬರೆಸಿದ. ಇಗುನ್‌ನಲ್ಲಿ ಇದು ಅಪ್ಪನ ಕೈಯಿಂದ ಮಗನ ಕೈಗೆ ಬಂತು. ಎರಡು ನಾಡುಗಳ ನಡುವೆ ಕೊಡುಕೊಳೆ ಇತ್ತೆಂದು ನಾನು ಹೇಳುತ್ತಿಲ್ಲ. ಮೇಣವನ್ನು ಕರಗಿಸಿ ಅದರ ಜಾಗಕ್ಕೆ ಲೋಹ ತುಂಬುವ ಉಪಾಯ ಲೋಕದ ಹಲವು ಕಡೆ ಹಲವು ಕಾಲದಲ್ಲಿ ಹೊಳೆದಿದೆ. ಆದರೆ ಬರೆದಿಟ್ಟ ವಿದ್ಯೆಗೆ ಶಾಸ್ತ್ರವೆಂದೂ ಬರೆಯದ ವಿದ್ಯೆಗೆ ಬರೀ ಕೈಕೆಲಸವೆಂದೂ ಕರೆಯುವ ನಮ್ಮ ಅಭ್ಯಾಸ ಇಲ್ಲಿ ಎಡವುತ್ತದೆ.

ಲೋಹ ಎಲ್ಲಿಂದ ಬಂತು? ಪೋರ್ಚುಗೀಸರು 1480ರ ದಶಕದಲ್ಲಿ ಬೆನಿನ್ನಿಗೆ ಬಂದರು. ಅವರು ತಂದ ಸರಕಿನಲ್ಲಿ ಮುಖ್ಯವಾದದ್ದು ಮನಿಲಾ ಎಂಬ ಹಿತ್ತಾಳೆಯ ಕಡಗ. ಕುದುರೆಯ ಲಾಳದಂತೆ ಬಾಯಿ ತೆರೆದ ಈ ಕಡಗ ಪಶ್ಚಿಮ ಆಫ್ರಿಕದಲ್ಲಿ ಹಣವಾಗಿ ಓಡಾಡಿತು. ಜರ್ಮನಿಯ ಫುಗ್ಗರ್ ಮನೆತನ ಪೋರ್ಚುಗಲ್ಲಿನ ಅರಸನಿಗೆ ರಾಶಿಗಟ್ಟಲೆ ಮನಿಲಾ ಒದಗಿಸಲು 1548ರಲ್ಲಿ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಮುಳುಗಿದ ಹಡಗುಗಳಲ್ಲಿ ಸಿಕ್ಕ ಮನಿಲಾಗಳನ್ನೂ ಬೆನಿನ್ ಶಿಲ್ಪಗಳ ಲೋಹವನ್ನೂ ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇವುಗಳ ಸೀಸದ ಗುರುತು ಜರ್ಮನಿಯ ರೈನ್ ಪ್ರಾಂತ್ಯದ ಅದಿರಿಗೆ ತಾಳೆಯಾಗುತ್ತದೆ ಎಂದು ತೋರಿಸಿತು. ಎರಕದವರು ಕಡಗಗಳನ್ನು ಕರಗಿಸಿ ಅರಸರನ್ನು ಮಾಡಿದರು. ಕೆಲವು ಫಲಕಗಳಲ್ಲಿ ಗಡ್ಡ ಬಿಟ್ಟ, ಉದ್ದ ಮೂಗಿನ ಪೋರ್ಚುಗೀಸನೂ ಇದ್ದಾನೆ, ಅವನ ಅಕ್ಕಪಕ್ಕ ಮನಿಲಾಗಳೂ ಇವೆ. ಕಚ್ಚಾ ಸಾಮಗ್ರಿಯನ್ನು ಒದಗಿಸಿದವನನ್ನು ಅದೇ ಸಾಮಗ್ರಿಯಲ್ಲಿ ಮೂಡಿಸಿದ್ದಾರೆ.

ಇಲ್ಲಿ ಅಹಿತವಾದ ಮಾತೊಂದನ್ನು ಆಡಲೇಬೇಕು. ಆ ಕಡಗಗಳಿಗೆ ಬದಲಾಗಿ ಮೆಣಸು, ದಂತ, ಬಟ್ಟೆ ಹೋಯಿತು, ಮನುಷ್ಯರೂ ಹೋದರು. ಗುಲಾಮರನ್ನು ಮಾರಿ ಬಂದ ಲೋಹ ಇದರಲ್ಲಿದೆ, ಆದ್ದರಿಂದ ಆ ಗುಲಾಮರ ವಂಶದವರಾದ ನಮಗೂ ಈ ಶಿಲ್ಪಗಳಲ್ಲಿ ಹಕ್ಕಿದೆ, ಎಲ್ಲವನ್ನೂ ಬೆನಿನ್ನಿಗೆ ಕೊಟ್ಟುಬಿಡಬೇಡಿ ಎಂದು ಅಮೆರಿಕದ ಒಂದು ಸಂಘಟನೆ 2022ರಲ್ಲಿ ತಕರಾರು ತೆಗೆಯಿತು. ಅವರ ಬೇಡಿಕೆಯ ಕೊನೆಯ ಭಾಗ ನನಗೆ ಒಪ್ಪಿಗೆಯಿಲ್ಲ, ಲಂಡನ್ನಿನಲ್ಲೋ ವಾಷಿಂಗ್ಟನ್ನಿನಲ್ಲೋ ಇಟ್ಟುಕೊಳ್ಳುವುದರಿಂದ ಆ ಸಾಲ ತೀರುವುದಿಲ್ಲ. ಮೊದಲ ಭಾಗವನ್ನು ಮಾತ್ರ ತಳ್ಳಿಹಾಕಲಾರೆ. ಇಗುನ್ ಕೇರಿಯ ಚರಿತ್ರೆಯನ್ನು ಹೊಗಳಿ ಹಾಡುವವರು ಮೂಸೆಯೊಳಗೆ ಏನು ಕರಗಿತೆಂಬುದನ್ನೂ ಹಾಡಬೇಕು. ಈಗಿನ ಲೋಹದ ಕಥೆ ಇಷ್ಟು ಭಾರವಲ್ಲ: ಹಳೆಯ ನಲ್ಲಿ, ಕಾರಿನ ರೇಡಿಯೇಟರ್, ಗುಜರಿಯಲ್ಲಿ ಸಿಕ್ಕ ಹಿತ್ತಾಳೆಯ ಚೂರು.

ಅರಮನೆಗಾಗಿ ಮಾಡಿದ ವಸ್ತುಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಆಗಲೇ ಹೇಳಿದ ತಲೆ. ಪಟ್ಟಕ್ಕೆ ಬಂದ ಒಬಾ ತನ್ನ ತಂದೆಗಾಗಿ ಪೂಜಾಜಗುಲಿ ಕಟ್ಟಿಸಿ, ಹಿತ್ತಾಳೆಯ ತಲೆ ಮಾಡಿಸಿ ಅದರ ಮೇಲೆ ಇಡುತ್ತಾನೆ. ತಲೆಯ ನೆತ್ತಿಯಲ್ಲಿ ರಂಧ್ರ, ಅದರಲ್ಲಿ ಕೆತ್ತನೆಯ ಆನೆದಂತವನ್ನು ನಿಲ್ಲಿಸುತ್ತಾರೆ. ತಲೆಮಾರು ಕಳೆದಂತೆ ತಲೆಗಳು ದಪ್ಪವಾದವು, ಹವಳದ ಸರ ಗಲ್ಲದವರೆಗೆ ಏರಿತು. 19ನೇ ಶತಮಾನದ ಒಸೆಮ್ವೆಂಡೆ ಒಬಾನ ಕಾಲದಿಂದ ಕಿರೀಟಕ್ಕೆ ರೆಕ್ಕೆಗಳೂ ಬಂದವು. ಹಳೆಯ ತೆಳು ತಲೆಗಳೇ ಶ್ರೇಷ್ಠ, ಆಮೇಲಿನದೆಲ್ಲ ಇಳಿಮುಖ ಎಂದು ಯುರೋಪಿನ ಕಲಾಚರಿತ್ರೆ ಬಹುಕಾಲ ಬರೆಯಿತು. ತೆಳುವಾಗಿ ಹೊಯ್ಯುವುದು ಕಷ್ಟವೆಂಬುದು ನಿಜ. ಆದರೆ ದೊಡ್ಡ ದಂತವನ್ನು ಹೊರಬೇಕಾದ ತಲೆ ಭಾರವಾಗಿಯೇ ಇರಬೇಕಲ್ಲ!

ಎರಡನೆಯದು ಫಲಕಗಳು. 16–17ನೇ ಶತಮಾನದಲ್ಲಿ ಹುಟ್ಟಿ ಆಮೇಲೆ ನಿಂತುಹೋದ ರೂಪ ಇದು. ಒಲ್ಫೆರ್ಟ್ ಡಾಪ್ಪರ್ ಎಂಬ ಡಚ್ಚ 1668ರ ತನ್ನ ಪುಸ್ತಕದಲ್ಲಿ, ಬೆನಿನ್ನಿನ ಅರಮನೆಯ ಮರದ ಕಂಬಗಳಿಗೆ ಅಡಿಯಿಂದ ಮುಡಿಯವರೆಗೆ ಯುದ್ಧದ ಚಿತ್ರಗಳಿರುವ ತಾಮ್ರದ ಹಲಗೆ ಹೊದಿಸಿದ್ದಾರೆ ಎಂದು ವರ್ಣಿಸಿದ. ಅವನು ಆಫ್ರಿಕಕ್ಕೆ ಕಾಲಿಟ್ಟವನೇ ಅಲ್ಲ, ಹೋಗಿ ಬಂದವರ ಮಾತು ಕೇಳಿ ಬರೆದ. ಆದರೂ ವರ್ಣನೆ ಸರಿಯಾಗಿದೆ. ಒಬಾ, ಅವನ ತೋಳು ಹಿಡಿದ ಸೇವಕರು, ಕಹಳೆಯವರು, ಚಿರತೆ, ಮೊಸಳೆ, ಮೀನು, ಇವೆಲ್ಲ ಫಲಕದಿಂದ ಮುಂದಕ್ಕೆ ಚಾಚಿ ನಿಂತಿವೆ. ಹಿನ್ನೆಲೆಯ ಒಂದು ಅಂಗುಲವನ್ನೂ ಖಾಲಿ ಬಿಟ್ಟಿಲ್ಲ, ನಾಲ್ಕು ಎಸಳಿನ ಹೊಳೆಯ ಎಲೆಯ ಚಿತ್ತಾರ ತುಂಬಿದ್ದಾರೆ. ಈ ಎಲೆ ಒಲೊಕುನ್ ಎಂಬ ನೀರಿನ ದೇವತೆಗೆ ಸಂಬಂಧಿಸಿದ್ದು. ಹಾಗಾಗಿ ಆ ಯೋಧರೆಲ್ಲ ನೀರಿನ ಲೋಕದಲ್ಲಿ ನಿಂತಂತಾಯಿತು. ಒಂದು ಕಂಬದ ಎರಡು ಬದಿಗೆ ಹೊಂದುವಂತೆ ಜೋಡಿ ಫಲಕಗಳನ್ನು ಮಾಡುವ ರೂಢಿಯೂ ಇತ್ತು. ಈ ಜೋಡಿಯ ಮಾತಿಗೆ ಮತ್ತೆ ಬರುತ್ತೇನೆ.

1897ರ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ, ಬೇರೆ ಕಡೆ ಸಾಕಷ್ಟು ಓದಲು ಸಿಗುತ್ತದೆ. ವ್ಯಾಪಾರದ ಹಿಡಿತಕ್ಕಾಗಿ ಬ್ರಿಟಿಷರಿಗೂ ಒಬಾ ಒವೊನ್ರಮ್ವೆನ್‌ಗೂ ಜಗಳವಿತ್ತು. ಜನವರಿಯಲ್ಲಿ, ಅರಮನೆಯ ಹಬ್ಬದ ಸಮಯ ಈಗ ಬರಬೇಡಿ ಎಂದರೂ ಕೇಳದೆ, ಜೇಮ್ಸ್ ಫಿಲಿಪ್ಸ್ ಎಂಬ ಹಂಗಾಮಿ ಅಧಿಕಾರಿ ತಂಡ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಬಹುತೇಕ ಎಲ್ಲರೂ ಹತರಾದರು. ಫೆಬ್ರವರಿಯಲ್ಲಿ ಅಡ್ಮಿರಲ್ ರಾಸನ್‌ನ ಕೈಕೆಳಗೆ ಸುಮಾರು 1,200 ಮಂದಿಯ ಪಡೆ ಬಂತು. 18ರಂದು ನಗರ ಬಿತ್ತು, 21ರಂದು ಬೆಂಕಿ ಅರಮನೆಯನ್ನೂ ಊರಿನ ಬಹುಭಾಗವನ್ನೂ ನುಂಗಿತು. ಒಬಾನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು. ಜಗುಲಿಗಳ ಮೇಲಿನ ತಲೆಗಳು, ಯಾವುದೋ ಕೋಣೆಯಲ್ಲಿ ದೂಳು ಹಿಡಿದು ಕೂತಿದ್ದ ನೂರಾರು ಫಲಕಗಳು ಹಡಗು ಹತ್ತಿದವು. ಲಂಡನ್ನಿನಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ 300ಕ್ಕೂ ಹೆಚ್ಚು ಫಲಕಗಳ ಪ್ರದರ್ಶನವಾಯಿತು. ದಂಡಯಾತ್ರೆಯ ಖರ್ಚಿಗೆಂದು ಹಲವನ್ನು ಮಾರಿದರು, ಜರ್ಮನರು ಮುಗಿಬಿದ್ದು ಕೊಂಡರು. 2022ರಲ್ಲಿ ಶುರುವಾದ ‘ಡಿಜಿಟಲ್ ಬೆನಿನ್’ ಎಂಬ ಪಟ್ಟಿಯಲ್ಲಿ 20 ದೇಶಗಳ 131 ಸಂಸ್ಥೆಗಳಲ್ಲಿರುವ 5,246 ವಸ್ತುಗಳ ಲೆಕ್ಕ ಸಿಕ್ಕಿತು.

ದೋಚಿ ತಂದ ವಸ್ತುಗಳನ್ನು ಆಗ ನೋಡಿದ ಯುರೋಪಿನ ಪಂಡಿತರು ಕಕ್ಕಾಬಿಕ್ಕಿಯಾದರು. ಪೋರ್ಚುಗೀಸರು ಕಲಿಸಿರಬೇಕೆಂದು ಕೆಲವರು ಊಹಿಸಿದರು. ಬರ್ಲಿನ್ನಿನ ಫೆಲಿಕ್ಸ್ ಫಾನ್ ಲುಶಾನ್ ಮಾತ್ರ ಎರಕದ ಗುಣಮಟ್ಟವನ್ನು ನೇರವಾಗಿ ನೋಡಿ, ಇಟಲಿಯ ಶಿಲ್ಪಿ ಚೆಲ್ಲಿನಿಗೂ ಇದಕ್ಕಿಂತ ಚೆನ್ನಾಗಿ ಹೊಯ್ಯಲು ಆಗುತ್ತಿರಲಿಲ್ಲ ಎಂಬರ್ಥದ ತೀರ್ಪು ಕೊಟ್ಟ. ದೊಡ್ಡ ಮಾತೇ. ಆದರೆ ಹೊಗಳಿಕೆ ಹಳೆಯ ವಸ್ತುವಿಗೆ ಹೋಯಿತು. ಇಗುನ್ ಕೇರಿಯಲ್ಲಿ ಆಗ ಬದುಕಿದ್ದವರನ್ನು ವಿಚಾರಿಸುವ ಆತುರ ಯಾರಿಗೂ ಇರಲಿಲ್ಲ.

ಅರಸನಿಲ್ಲದ ಮೇಲೆ ಅಪ್ಪಣೆಯಿಲ್ಲ, ಅಪ್ಪಣೆಯಿಲ್ಲದ ಮೇಲೆ ಕೆಲಸವಿಲ್ಲ. ಒವೊನ್ರಮ್ವೆನ್ 1914ರ ಆರಂಭದಲ್ಲಿ ಗಡೀಪಾರಿನಲ್ಲೇ ತೀರಿಕೊಂಡ. ಅದೇ ವರ್ಷ ಬ್ರಿಟಿಷರು ಅವನ ಮಗನನ್ನು ಎರಡನೆಯ ಎವೆಕಾ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಕೂರಿಸಿದರು. ಕೇರಿಯ ಪುಣ್ಯವೆಂದರೆ ಈ ಅರಸ ತಾನೇ ಕೆತ್ತನೆ, ಎರಕ ಬಲ್ಲವನು. ಶ್ರೇಣಿಗಳನ್ನು ಮತ್ತೆ ಕಟ್ಟಿದ. ಅದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದು: ಅರಮನೆಯ ಹೊರಗಿನವರಿಗೂ ಮಾರಬಹುದು ಎಂದು ಬಾಗಿಲು ತೆರೆದ. ವಸಾಹತಿನ ಅಧಿಕಾರಿಗಳು, ಪಾದ್ರಿಗಳು, ಆಮೇಲೆ ಪ್ರವಾಸಿಗಳು, ಲಾಗೋಸಿನ ಶ್ರೀಮಂತರು, ಸರ್ಕಾರದ ಕಚೇರಿಗಳು ಗಿರಾಕಿಗಳಾದರು. ಈ ಅನುಮತಿ ಸಿಗದಿದ್ದರೆ ಇವತ್ತು ಇಗುನ್ ಬೀದಿ ಇರುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಅದೇ ಹೊತ್ತಿಗೆ ಕೊಳ್ಳುವವನಿಗೆ ಕೆಲಸದ ಮರ್ಮ ಗೊತ್ತಿಲ್ಲದ ಕಾಲವೂ ಶುರುವಾಯಿತು. ವಿಮಾನ ಹತ್ತುವವನಿಗೆ ಹಗುರವಾದ, ಅಗ್ಗವಾದ, ಫಳಫಳ ಹೊಳೆಯುವ ವಸ್ತು ಬೇಕು. ಒಂದೇ ಬೀದಿಯಲ್ಲಿ, ಒಮ್ಮೊಮ್ಮೆ ಒಂದೇ ಅಂಗಡಿಯಲ್ಲಿ, ತಿಂಗಳುಗಟ್ಟಲೆ ತಿದ್ದಿದ ಫಲಕವೂ ಅವಸರದಲ್ಲಿ ಹೊಯ್ದ ಪುಟಾಣಿ ಚಿರತೆಯೂ ಪಕ್ಕಪಕ್ಕ ಕೂತಿರುತ್ತವೆ. ಎರಡನೆಯದನ್ನು ಕಂಡು ಮೂಗು ಮುರಿಯುವುದು ಸುಲಭ. ಅದು ಮನೆ ನಡೆಸುತ್ತದೆ, ಮೊದಲನೆಯದಕ್ಕೆ ಬಿಡುವು ದೊರಕಿಸಿಕೊಡುತ್ತದೆ.

ಈಗ ಅಸಲು, ನಕಲಿನ ಲೆಕ್ಕಕ್ಕೆ ಬರೋಣ. ಮೂರು ಘಟನೆ ಹೇಳುತ್ತೇನೆ.

ಎವೆಕಾನ ಮಗ ಎರಡನೆಯ ಅಕೆಂಜುವಾ 1933ರಲ್ಲಿ ಒಬಾ ಆದ. ಬರ್ಲಿನ್ನಿನಲ್ಲಿದ್ದ ಎರಡು ಹಿತ್ತಾಳೆ ಪೀಠಗಳನ್ನು, ತನ್ನ ಪೂರ್ವಜರ ಸಿಂಹಾಸನಗಳನ್ನು, ಕೊಡಿ ಎಂದು ಆ ದಶಕದಲ್ಲೇ ಕೇಳಿಸಿದ. ಬರ್ಲಿನ್ ಪೀಠಗಳನ್ನು ಇಟ್ಟುಕೊಂಡು ಅವುಗಳ ಪ್ರತಿಗಳನ್ನು ಮಾಡಿಸಿ ಕಳಿಸಿತು. ಯಾವ ಊರಿಗೆ? ಆ ಪೀಠಗಳನ್ನು ಮೊದಲು ಹೊಯ್ದವರ ವಂಶದವರು ಅರಮನೆಯಿಂದ ಕೂಗಳತೆಯಲ್ಲಿ ಕುಲುಮೆ ಊದುತ್ತಿದ್ದ ಊರಿಗೆ.

ಎರಡನೆಯದು ಬ್ರಿಟಿಷ್ ಮ್ಯೂಸಿಯಮ್ಮಿನದು. 1950ರಲ್ಲಿ ಅಲ್ಲಿನವರು ತಮ್ಮ 203 ಫಲಕಗಳನ್ನು ಪರಿಶೀಲಿಸಿ, ಸುಮಾರು 30 ಫಲಕಗಳು ಒಂದರಂತೆ ಇನ್ನೊಂದು ಇವೆ, ಇವು ಹೆಚ್ಚುವರಿ ಪ್ರತಿಗಳು ಎಂದು ತೀರ್ಮಾನಿಸಿದರು. 1972ರವರೆಗೆ ಅಂಥವನ್ನು ಮಾರುತ್ತ, ವಿನಿಮಯ ಮಾಡುತ್ತ ಬಂದರು. ಕೆಲವನ್ನು ನೈಜೀರಿಯಾವೇ ದುಡ್ಡು ಕೊಟ್ಟು ಕೊಂಡಿತು. ಕಂಬದ ಎರಡು ಬದಿಗೆಂದು ಬೇರೆ ಬೇರೆ ಮೇಣದಲ್ಲಿ, ಬೇರೆ ಬೇರೆ ಅಚ್ಚಿನಲ್ಲಿ ಹುಟ್ಟಿದ ಜೋಡಿಗಳು ಅವು. ಜೋಡಿಯಾಗಿರುವುದೇ ಅವುಗಳ ಅರ್ಥ. ಮ್ಯೂಸಿಯಮ್ಮಿನ ದಾಖಲೆ ಪುಸ್ತಕದಲ್ಲಿ ಅವು ಕಾರ್ಬನ್ ಪ್ರತಿಗಳಾದವು. ಇದರಲ್ಲಿ ಇನ್ನೊಂದು ತಮಾಷೆಯಿದೆ. ಯಾವುದನ್ನೂ ಹಿಂದಿರುಗಿಸಲಾಗದು ಎನ್ನಲು ಆ ಸಂಸ್ಥೆ ತೋರಿಸುವುದು 1963ರ ಕಾಯ್ದೆಯನ್ನು. ಹೆಚ್ಚುವರಿ ಪ್ರತಿಗಳನ್ನು ವಿಲೇವಾರಿ ಮಾಡಬಹುದೆಂದು ಹೇಳುವುದೂ ಅದೇ ಕಾಯ್ದೆ.

ಮೂರನೆಯದು ಬೆನಿನ್ನಿನವರು ಕೊಟ್ಟ ಉತ್ತರ. 2021ರಲ್ಲಿ ಬೆನಿನ್ ಸಿಟಿಯ ಕಲಾವಿದರ ಒಂದು ಗುಂಪು, ಒಸರೊಬೊ ಜೈಕ್ನರ್ ಒಕೊರೊ ಎಂಬವರ ಮುಂದಾಳ್ತನದಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದು ಪ್ರಸ್ತಾಪ ಇಟ್ಟಿತು. ಎರಡು ಮೀಟರ್ ಉದ್ದಗಲದ ಹೊಸ ಹಿತ್ತಾಳೆ ಫಲಕವನ್ನೂ ವಾಹನಗಳ ಸ್ಪಾರ್ಕ್ ಪ್ಲಗ್‌ಗಳಿಂದಲೇ ಮಾಡಿದ ನಿಜಗಾತ್ರದ ಟಗರನ್ನೂ ನಾವು ಕೊಡುತ್ತೇವೆ, ನಮ್ಮ ಹಳೆಯದನ್ನು ನೀವು ಕೊಡಿ ಎಂದರು. ನಾವು ಎರಕ ಹೊಯ್ಯುವುದನ್ನು ಎಂದೂ ನಿಲ್ಲಿಸಿಲ್ಲ, ನಮ್ಮ ಇಂದಿನ ಕೆಲಸವನ್ನು ನೋಡಿ ಎಂಬುದು ಅವರ ವಾದದ ಸಾರ. ಸುದ್ದಿಯಾಯಿತು, ಅದಲುಬದಲು ಆಗಲಿಲ್ಲ. ಹಿಂದಿರುಗಿಸಬೇಕೆಂಬ ಚಳವಳಿಯಲ್ಲಿ ನಾನು ಓದಿದ ಅತ್ಯಂತ ಜಾಣತನದ ಮಾತು ಅದು. ಬೇಡುವವನ ದನಿಯೇ ಅದರಲ್ಲಿ ಇಲ್ಲ. ಸಮಾನನೊಬ್ಬ ಇನ್ನೊಬ್ಬನೊಡನೆ ವ್ಯವಹಾರಕ್ಕೆ ಕೂತ ದನಿ.

ಕೇರಿಯನ್ನು ಇಷ್ಟು ಎತ್ತಿ ಹೇಳಿದ ಮೇಲೆ ಅದರ ಒಂದು ಬಾಗಿಲು ಮುಚ್ಚಿರುವುದನ್ನೂ ಹೇಳಬೇಕು. ಹೆಣ್ಣುಮಕ್ಕಳು ಎರಕ ಹೊಯ್ಯುವಂತಿಲ್ಲ. ವಿದ್ಯೆ ತಂದೆಯಿಂದ ಗಂಡುಮಕ್ಕಳಿಗೆ. ಮದುವೆಯಾಗಿ ಬೇರೆ ಮನೆಗೆ ಹೋದರೆ ಗುಟ್ಟು ಹೋಗುತ್ತದೆ ಎಂಬ ಕಾರಣ ಎಲ್ಲ ಕಸುಬಿನಲ್ಲೂ ಕೇಳಿದ್ದೇ. ಇದನ್ನು ಮೊದಲು ಮುರಿದವರು ಅಕೆಂಜುವಾನ ಮಗಳೇ, ರಾಜಕುಮಾರಿ ಎಲಿಜಬೆತ್ ಒಲೊವು. ತಂದೆಯ ಒಪ್ಪಿಗೆ ಪಡೆದು, ಕೇರಿಯ ಕುಲುಮೆಯ ಬದಲು ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತು, ನೈಜೀರಿಯಾದ ಮೊದಲ ಮಹಿಳಾ ಎರಕಶಿಲ್ಪಿ ಎನ್ನಿಸಿಕೊಂಡರು. ಒಬಾನ ಮಗಳಿಗೆ ಸಿಕ್ಕ ಒಪ್ಪಿಗೆ ಎರಕದವನ ಮಗಳಿಗೆ ಇನ್ನೂ ಸುಲಭವಾಗಿ ಸಿಕ್ಕಿಲ್ಲ. ಗಂಡುಮಕ್ಕಳು ಲಾಗೋಸಿಗೋ ಹೊರದೇಶಕ್ಕೋ ಹೋಗುತ್ತಿರುವ ಕಾಲದಲ್ಲಿ ಕಲಿಯಲು ಸಿದ್ಧವಿರುವ ಅರ್ಧ ಮನೆಯನ್ನು ಹೊರಗಿಡುವುದು ಎಷ್ಟು ದಿನ ನಡೆದೀತು ಎಂದು ನನಗೆ ಅನುಮಾನ.

ಕೊನೆಗೆ, ಹಿಂದಿರುಗುತ್ತಿರುವ ವಸ್ತುಗಳ ವಿಷಯ. ಕೇಂಬ್ರಿಡ್ಜಿನ ಜೀಸಸ್ ಕಾಲೇಜು 2021ರಲ್ಲಿ ಹಿತ್ತಾಳೆಯ ಹುಂಜವನ್ನು ಕೊಟ್ಟಿತು. 2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟು, ಡಿಸೆಂಬರಿನಲ್ಲಿ 20 ವಸ್ತುಗಳನ್ನು ತಂದೊಪ್ಪಿಸಿತು. 2025ರ ಜೂನಿನಲ್ಲಿ ನೆದರ್‌ಲೆಂಡ್ಸಿನಿಂದ 119 ಬಂದವು. ಬಂದದ್ದು ಯಾರದ್ದು? ಒಬಾನದು ಎಂದು ಆಗಿನ ಅಧ್ಯಕ್ಷ ಬುಹಾರಿ 2023ರ ಮಾರ್ಚಿನಲ್ಲಿ ಆದೇಶ ಹೊರಡಿಸಿದರು. ಊರಿನಲ್ಲಿ ಕಟ್ಟಿದ ಹೊಸ ಪಶ್ಚಿಮ ಆಫ್ರಿಕ ಕಲಾ ಮ್ಯೂಸಿಯಮ್ಮಿಗೂ ಅರಮನೆಗೂ ಸರಿಬರಲಿಲ್ಲ. 2025ರ ನವೆಂಬರಿನಲ್ಲಿ ಆ ಮ್ಯೂಸಿಯಮ್ಮಿನ ಆರಂಭದ ಕಾರ್ಯಕ್ರಮಕ್ಕೆ ಪ್ರತಿಭಟನೆಯವರು ನುಗ್ಗಿದ್ದರಿಂದ ಎಲ್ಲ ನಿಂತುಹೋಯಿತು. ಅರಮನೆಯೋ, ಸರ್ಕಾರವೋ, ಮ್ಯೂಸಿಯಮ್ಮೋ ಎಂಬ ಈ ಎಳೆದಾಟದಲ್ಲಿ ಇಗುನ್ ಕೇರಿಯ ಹೆಸರು ಅಪರೂಪಕ್ಕೆ ಕೇಳಿಸುತ್ತದೆ.

ಕೇರಿಗೆ ಇದರಲ್ಲಿ ಬೇರೆಯೇ ಒಂದು ಕೆಲಸವಿದೆ. ನೂರಕ್ಕೂ ಹೆಚ್ಚು ವರ್ಷ ಇಗುನ್‌ನ ಎರಕದವರು ತಮ್ಮ ಪೂರ್ವಜರ ಬಹುಪಾಲು ಕೆಲಸವನ್ನು ನೋಡಿದ್ದು ಫೋಟೊಗಳಲ್ಲಿ, ವಿದೇಶಿ ಮ್ಯೂಸಿಯಮ್ಮುಗಳ ಪುಸ್ತಕಗಳಲ್ಲಿ. ಫೋಟೊ ತೋರಿಸುವುದು ಮುಂಭಾಗವನ್ನು. ಎರಕದವನಿಗೆ ಬೇಕಾದದ್ದು ಹಿಂಭಾಗ: ಲೋಹ ಒಳಗೆ ಬಂದ ದಾರಿಯ ಬುಡ ಎಲ್ಲಿದೆ, ಬಿರುಕು ಬಿಟ್ಟಲ್ಲಿ ಎರಡನೆಯ ಸಲ ಹೊಯ್ದು ಹೇಗೆ ಮುಚ್ಚಿದ್ದಾರೆ, ಮೊಳೆ ಎಷ್ಟು ದೂರಕ್ಕೊಂದು ಬಂದಿದೆ, ಅಂಚಿನಲ್ಲಿ ದಪ್ಪ ಎಷ್ಟು, ನಡುವೆ ಎಷ್ಟು. ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ತಲೆಯ ಒಳಗೆ ಕೈ ಹಾಕಿ ನೋಡುವ ಹಕ್ಕು ಇವತ್ತು ಸಂಶೋಧಕನಿಗೆ ಅರ್ಜಿ ಹಾಕಿದರೆ ಸಿಗುತ್ತದೆ. ಅದೇ ಹಕ್ಕು ಕೇರಿಯ ಯಜಮಾನನಿಗೂ ಅವನ ಹತ್ತಿರ ಕೆಲಸ ಕಲಿಯುವ ಹುಡುಗರಿಗೂ, ಹುಡುಗಿಯರಿಗೂ, ಅರ್ಜಿಯಿಲ್ಲದೆ ಸಿಗಬೇಕು. ವಸ್ತುಗಳನ್ನು ಎಲ್ಲಿ ಇಡುತ್ತಾರೆಂಬುದನ್ನು ಅವರವರೇ ತೀರ್ಮಾನಿಸಿಕೊಳ್ಳಲಿ. ಇಡುವ ಕೋಣೆಯಲ್ಲಿ ಒಂದು ಗಟ್ಟಿ ಮೇಜು, ಒಳ್ಳೆಯ ಬೆಳಕು, ಅಳತೆಯ ಸಲಕರಣೆ ಇದ್ದು, ವಾರಕ್ಕೊಂದು ದಿನ ಆ ಬಾಗಿಲು ಇಗುನ್ ಬೀದಿಯವರಿಗೆಂದೇ ತೆರೆದರೆ, ಮುಂದಿನ ತಲೆಯ ದಪ್ಪ ಮತ್ತೆ ಕೆಲವೇ ಮಿಲಿಮೀಟರ್‌ಗೆ ಇಳಿಯುತ್ತದೋ ಇಲ್ಲವೋ ನೋಡಬಹುದು.